ಕುದುರೆಗೆ ಬಡಿಸಿದ ಹಬ್ಬದೂಟ

ಒಂದು ಕಾಡಿನಲ್ಲಿ ಬತ್ತಿದ ಹೊಳೆಯೊಂದಿತ್ತು. ಆ ಹೊಳೆಯ ಮರಳಿನಲ್ಲಿ ಒಂದು… ಏನನ್ನುತ್ತಿದ್ದೆವು ಅದಕ್ಕೆ? ತಲ… ತಲಪ… ಅರ್ಧ ಬಾಯಿಗೆ ಬಂದು ನಿಲ್ಲುತ್ತದೆ. ನಮ್ಮೂರ ಕಡೆ ಬೇಸಗೆಯಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಈ ಊರಿನಲ್ಲಿ ನಲ್ಲಿ ತಿರುಗಿಸಿದರೆ ನೀರು; ನಲವತ್ತು ವರ್ಷದಿಂದ ಆ ಪದ ಬೇಕಾಗಿಲ್ಲ. ಇರಲಿ ಮೇದಿನಿ, ಸದ್ಯಕ್ಕೆ ಒರತೆ ಅನ್ನೋಣ. ಮರಳು ತೋಡಿದರೆ ತಳದಲ್ಲಿ ಒಸರುವ ನೀರು.

ಆ ಒರತೆಯನ್ನು ತೋಡುತ್ತಿದ್ದದ್ದು ಒಂದು ಬೂದುಬಣ್ಣದ ಮುದಿ ಕುದುರೆ. ಯಾವ ಸಂತೆಯಿಂದ ತಪ್ಪಿಸಿಕೊಂಡು ಬಂದಿತ್ತೋ, ಕಾಡಿನಲ್ಲೇ ಉಳಿದುಬಿಟ್ಟಿತ್ತು. ನೀರು ಇದ್ದದ್ದು ಎದೆಯಾಳದಲ್ಲಿ. ಎಷ್ಟು ತೋಡಿದರೂ ಗಾಳಿಗೆ ಮರಳು ಜಾರಿ ಮಾರನೆಯ ದಿನಕ್ಕೆ ಗುಂಡಿ ಮುಚ್ಚಿಹೋಗುತ್ತಿತ್ತು. ಮೊಲದ ಕಾಲಿಗಾಗಲಿ ನವಿಲಿನ ಕಾಲಿಗಾಗಲಿ ಅದು ಸಿಗುವಂಥದ್ದಲ್ಲ. ದಿನವೂ ಬೆಳಗ್ಗೆ ಕುದುರೆ ಬಂದು ಗೊರಸಿನಿಂದ ಮರಳು ಚಿಮ್ಮಿಸುತ್ತಿತ್ತು. ನೀರು ಕಂಡ ಮೇಲೆ ಪಕ್ಕಕ್ಕೆ ಸರಿದು, "ಮೊದಲು ಮರಿಗಳು ಬರಲಿ" ಅನ್ನುತ್ತಿತ್ತು.

ಪ್ರತಿಯಾಗಿ ಮೊಲ, ನವಿಲು, ಕರಿಮೂತಿಯ ಕೋತಿ ಮುಸುವ, ಹೀಗೆ ಕಾಡಿನವರೆಲ್ಲ ಅದಕ್ಕೆ ಒಣಹುಲ್ಲು ತಂದುಹಾಕುತ್ತಿದ್ದರು. ಬೇಸಗೆ ಪೂರ್ತಿ ಅದೇ ಹುಲ್ಲು.

ಒಂದು ದಿನ ಕುದುರೆ ಸಂಕೋಚದಿಂದ ಕೇಳಿತು. "ಹುಲ್ಲು ಚೆನ್ನಾಗಿದೆ. ಇಲ್ಲ ಅನ್ನುವುದಿಲ್ಲ. ಆದರೆ ನಾಲಿಗೆಗೆ ಬೇರೇನಾದರೂ ಸ್ವಲ್ಪ…"

ಕಾಡಿನಲ್ಲಿ ಎಲ್ಲರಿಗಿಂತ ಹಿರಿಯನಾದ ಆಮೆ ತಲೆ ಹೊರಗೆ ಹಾಕಿತು. "ಕೊಡೋಣ, ಏಕೆ ಕೊಡಬಾರದು? ಆದರೆ ಒಂದು ಮಾತು. ಹೊಸದು ಯಾವುದೇ ಆಗಲಿ, ಮುಸುವನ ಕೈಯಲ್ಲಿ ಒಂದು ಹಿಡಿ, ಅಷ್ಟೇ. ಎರಡು ದಿನ ಬಿಟ್ಟು ಎರಡು ಹಿಡಿ. ಅದು ಒಗ್ಗಿದ ಮೇಲೆ ಇನ್ನೊಂದು. ಮುಸುವನಾದರೆ ಒಗ್ಗದ್ದನ್ನು ತಿಂದರೂ ಕಕ್ಕಿ ಸುಮ್ಮನಾಗುತ್ತಾನೆ. ಕುದುರೆಗೆ ಕಕ್ಕಲು ಬರುವುದಿಲ್ಲ. ಒಳಗೆ ಹೋದದ್ದು ಒಳಗೇ."

ಬಿಸಿಲು ಏರುತ್ತಿತ್ತು. ಆಮೆ ಪ್ರತಿವರ್ಷದಂತೆ ಮಣ್ಣಿನೊಳಗೆ ಮಲಗಲು ಹೊರಟಿತು. ಹೋಗುವಾಗ ಮತ್ತೆ ಹೇಳಿತು, "ಹಿಡಿ. ಮರೆಯಬೇಡಿ."

ಮುಸುವ ಒಂದು ಹಿಡಿ ಬಿದಿರಕ್ಕಿ ತಂದಿತು. ಕುದುರೆ ಒಂದೊಂದೇ ಕಾಳನ್ನು ತುಟಿಯಿಂದ ಹೆಕ್ಕಿ, ಕಣ್ಣು ಮುಚ್ಚಿ ಅಗಿಯಿತು. ಅದನ್ನು ನೋಡಿ ಮೊಲದ ಮರಿಗಳು ನಕ್ಕವು.

ಇದೆಲ್ಲವನ್ನೂ ಲಂಟಾನ ಪೊದೆಯ ಹಿಂದೆ ಕುಳಿತು ಒಂದು ನರಿ ಕೇಳಿಸಿಕೊಂಡಿತ್ತು. ಅದಕ್ಕೆ ಹಲ್ಲು ಸವೆದಿತ್ತು. ಬೇಟೆ ದಕ್ಕುತ್ತಿರಲಿಲ್ಲ. ಕುದುರೆಯ ದಪ್ಪ ತೊಡೆಯನ್ನು ನೋಡುತ್ತಾ ನೋಡುತ್ತಾ ಅದು ಜೊಲ್ಲು ನುಂಗಿತು.

ಮರುದಿನ ನರಿ ಎಲ್ಲರ ನಡುವೆ ಬಂದು ಕುಳಿತು ನಿಟ್ಟುಸಿರು ಬಿಟ್ಟಿತು.

"ಏನಣ್ಣಾ, ಹೊಟ್ಟೆನೋವಾ?" ಎಂದಿತು ಮುಸುವ.

"ಹೊಟ್ಟೆಯಲ್ಲ, ಮನಸ್ಸು. ಬೆನ್ನು ಮುರಿದು ನೀರು ಕೊಡುವವಳಿಗೆ ಒಂದು ಹಿಡಿಯಾ? ನಿಮ್ಮ ಮಕ್ಕಳ ಗಂಟಲು ಒದ್ದೆಯಾಗಿರುವುದು ಯಾರಿಂದ? ಅವಳು ಬಾಯಿಬಿಟ್ಟು ಕೇಳಿದಳು. ನೀವು ಕಾಳು ಎಣಿಸಿ ಕೊಟ್ಟಿರಿ. ಥೂ!"

ಮೊಲ ತಲೆ ತಗ್ಗಿಸಿತು. ನವಿಲು ಮಾತ್ರ ಹೇಳಿತು, "ಆಮೆಯಜ್ಜ ಹೇಳಿದ್ದಾನಲ್ಲ, ಹಿಡಿ ಅಂತ."

"ಆಮೆಯಜ್ಜ! ವರ್ಷದಲ್ಲಿ ಮೂರು ತಿಂಗಳು ಉಪವಾಸ ಮಲಗುವವನು. ಅವನಿಗೆ ಹಸಿವಿನ ವಿಷಯ ಏನು ಗೊತ್ತು?"

ಎಲ್ಲರಿಗೂ ನಾಚಿಕೆಯಾಗಿತ್ತು.

ಅಂದು ಮಧ್ಯಾಹ್ನದೊಳಗೆ ಒರತೆಯ ದಂಡೆಯಲ್ಲಿ ರಾಶಿ ಬಿತ್ತು. ಮುಸುವ ಬಿದಿರಕ್ಕಿ ತಂದಿತು, ಮಂಡಿಯೆತ್ತರ. ಮೊಲ ಇಪ್ಪೆಹೂವು ಹೊತ್ತು ತಂದಿತು. ನವಿಲು ಬನ್ನಿಕಾಯಿ, ಕಾಡುಹುರುಳಿ ತಂದು ಸುರಿಯಿತು. ಕಾಡಿಗೆ ಕಾಡೇ ಹಬ್ಬದ ಮನೆಯಂತಾಯಿತು.

ಕುದುರೆ ಮೂಸಿ ನೋಡಿ ಹಿಂದೆ ಸರಿಯಿತು. "ಇಷ್ಟೊಂದಾ? ಅಜ್ಜ ಹಿಡಿ ಅಂದಿದ್ದ."

"ಬಿಸಿಲಲ್ಲಿ ಓಡಾಡಿ ತಂದಿದ್ದೇವೆ ಅಕ್ಕ," ಎಂದಿತು ಮೊಲ. "ಬೇಡ ಅಂದರೆ ನಮಗೆ ನೋವಾಗುತ್ತದೆ."

ಕುದುರೆ ಅವರ ಮುಖಗಳನ್ನು ನೋಡಿತು. ಬೇಡ ಅನ್ನಲು ಅದಕ್ಕೆ ಬಾಯಿ ಬರಲಿಲ್ಲ. ತಿಂದಿತು. ರುಚಿಯಾಗಿತ್ತು, ಇನ್ನಷ್ಟು ತಿಂದಿತು. ರಾಶಿ ಮುಗಿಯುವವರೆಗೂ ತಿಂದಿತು.

ಹೊತ್ತು ಇಳಿಯುವ ಮೊದಲೇ ಕುದುರೆ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡತೊಡಗಿತು. ನೆಲ ಕೆರೆಯಿತು. ಮಲಗಿತು, ಎದ್ದಿತು, ಮತ್ತೆ ಬಿದ್ದು ಹೊರಳಿತು. ಅದರ ಹೊಟ್ಟೆ ನಗಾರಿಯಂತೆ ಬಿಗಿದಿತ್ತು.

"ಕಕ್ಕಿಬಿಡು ಅಕ್ಕ! ಕಕ್ಕಿಬಿಡು!" ಎಂದು ಮುಸುವ ಕೂಗಿತು.

"ಬರುವುದಿಲ್ಲ ತಮ್ಮಾ. ನಮ್ಮ ಜಾತಿಗೆ ಅದನ್ನು ಕೊಟ್ಟಿಲ್ಲ."

ಮೊಲ ಓಡಿಹೋಗಿ ಆಮೆ ಮಲಗಿದ್ದ ಮಣ್ಣನ್ನು ಕೆರೆಯಿತು. ಉಗುರು ಕಿತ್ತು ರಕ್ತ ಬಂದರೂ ಕೆರೆಯಿತು. ಆಮೆ ಎದ್ದಿತು, ನಡೆಯಿತು. ಆದರೆ ಆಮೆಯ ನಡಿಗೆ ಎಷ್ಟು ಬೇಗ ಆದೀತು?

ಸಂಜೆ ಕುದುರೆ ಒಮ್ಮೆ ಮುಂಗಾಲೂರಿ ಏಳಲು ನೋಡಿತು. "ಗುಂಡಿ ಜಾರುತ್ತಿದೆ," ಎಂದಿತು. "ನಾಳೆಗೆ ಸ್ವಲ್ಪ ತೋಡಿಡುತ್ತೇನೆ." ಗೊರಸು ಎರಡು ಸಲ ಮರಳಿಗೆ ತಾಗಿತು. ಮೂರನೆಯ ಸಲ ಏಳಲಿಲ್ಲ.

ಆಮೆ ಬಂದಾಗ ಎಲ್ಲರೂ ಸತ್ತ ಕುದುರೆಯ ಸುತ್ತ ನಿಂತಿದ್ದರು.

"ಎಷ್ಟು ಹಿಡಿ ಕೊಟ್ಟಿರಿ?" ಎಂದಿತು ಆಮೆ.

ಮೊಲ ಮುಂದೆ ಬಂದು ಹೇಳಿತು, "ಅಜ್ಜ, ಕೊಡಿ ಅಂದದ್ದು ನರಿ. ಆದರೆ ತಂದವರು ನಾವು. ತಿನ್ನು ಅಂದವಳು ನಾನು."

ಆಮೆ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಅಷ್ಟಾದರೂ ಹಗುರವಾಗುತ್ತಿತ್ತು. ಅದು ಕುದುರೆಯ ಗೊರಸಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಮಣ್ಣಿಗೆ ಮರಳಿತು.

ಮರುದಿನ ಒರತೆಯ ಬಾಯಿ ಅರ್ಧ ಮುಚ್ಚಿತ್ತು. ಅದರ ಮರುದಿನ ಪೂರ್ತಿ ಮುಚ್ಚಿತು. ಮೊಲ ತನ್ನ ಮರಿಗಳನ್ನು ಮುಂದೆ ಬಿಟ್ಟುಕೊಂಡು ಕಾಡು ಬಿಟ್ಟಿತು. ಮುಸುವ ಹೋಯಿತು, ನವಿಲು ಹೋಯಿತು. ಮುಂದಿನ ನೀರು ಎರಡು ಗುಡ್ಡಗಳ ಆಚೆ. ದಾರಿಯಲ್ಲಿ ಎಷ್ಟು ಮಂದಿ ಉಳಿದರೋ ನನಗೆ ಹೇಳಿದವರಿಲ್ಲ.

ನರಿ ಮಾತ್ರ ಹೋಗಲಿಲ್ಲ. ಅದಕ್ಕೀಗ ದಿನವೂ ಹಬ್ಬ. "ಪಾಲು ಕೇಳುವವರೂ ಇಲ್ಲ," ಎಂದು ನಕ್ಕಿತು. ಮೂರು ದಿನ ಮಾಂಸ ತಿಂದಿತು. ನಾಲ್ಕನೆಯ ದಿನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ನರಿ ಹೊಳೆಗೆ ಓಡಿತು. ಎಲ್ಲಿ ನೋಡಿದರೂ ಒಂದೇ ಸಮನಾದ ಮರಳು. ಅಂದಾಜಿನ ಮೇಲೆ ತೋಡಿತು. ಒಂದು ಗೇಣು ತೋಡಿದರೆ ಎರಡು ಗೇಣು ಜಾರಿ ಬಿತ್ತು. "ಕುದುರೆಯಕ್ಕಾ!" ಎಂದು ಕೂಗಿತು. ಆ ಹೆಸರು ಅದರ ಬಾಯಿಂದ ಹೇಗೆ ಬಂತೋ! ಕೂಗಿ, ತಾನೇ ಬೆಚ್ಚಿತು. ಕಾಡಿನಲ್ಲಿ ಓಗೊಡುವವರು ಯಾರೂ ಇರಲಿಲ್ಲ. ಹೊಟ್ಟೆ ತುಂಬಿದ್ದ ನರಿ, ಅರ್ಧ ತೋಡಿದ ಗುಂಡಿಯಲ್ಲಿ ತಲೆಯಿಟ್ಟು, ಬಾಯಾರಿ ಸತ್ತಿತು. ಮರಳು ಅದರ ಮೇಲೂ ಜಾರಿತು.

ಆಮೇಲೆ ಮಳೆ ಬಂದಿರಬೇಕು, ಆಮೆ ಎದ್ದಿರಬೇಕು. ಎದ್ದು ಯಾರನ್ನು ನೋಡಿತೋ, ಯಾರ ಹತ್ತಿರ ಮಾತಾಡಿತೋ. ಅಲ್ಲಿ ತಲಪರಿಗೆ ಎಲ್ಲಿತ್ತು ಎಂಬ ಗುರುತೂ ಉಳಿದಿರಲಿಲ್ಲ.

ಹಾ, ತಲಪರಿಗೆ! ತಲಪರಿಗೆ ಅನ್ನುತ್ತಿದ್ದೆವು. ಅದು ಮುಚ್ಚಿಹೋದ ಮೇಲೆ ಹೆಸರು ನೆನಪಾಯಿತು ನೋಡು. ಮೇದಿನಿ, ಪೆನ್ನು ತಗೋ ಮಗಳೇ. ಮೊದಲು ಆ ಪದ ಬರೆ, ನಾನು ಮತ್ತೆ ಮರೆತೇನು. ಅದರ ಕೆಳಗೆ ಇದನ್ನೂ ಬರೆದುಬಿಡು.

ನೀತಿ: ಒಳ್ಳೆಯದನ್ನೂ ಒಗ್ಗುವಷ್ಟೇ ಕೊಡಬೇಕು, ಎಲ್ಲರನ್ನೂ ಕಾಯುವ ಜೀವವನ್ನು ಕುತಂತ್ರದಿಂದ ಕೊಂದವನು ತನ್ನ ಜೀವಕ್ಕೂ ತಾನೇ ಮುಳುವಾಗುತ್ತಾನೆ.