ಇಲಿಯಮ್ಮನ ನಾಯಿದನಿ

ಮೇಜಿನ ಮೇಲಿನ ಕಂಪ್ಯೂಟರಿನ ಹಿಂದೆ ಮರಿ ಹಾಕಿದ್ದ ಇಲಿಯಮ್ಮ, ಬೆಕ್ಕು ಬರುವುದರೊಳಗೆ ದನಿ ಬದಲಿಸುವ ಸಾಫ್ಟ್‌ವೇರ್ ಹಾಕಿಯೇ ತೀರುವೆನೆಂದು ಹಟ ಹಿಡಿದಳು. ಕೀಬೋರ್ಡಿನ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಇನ್‌ಸ್ಟಾಲ್ ಮಾಡಿದಳು, ಮೈಕ್ ಜೋಡಿಸಿದಳು, ‘ಬೇಟೆನಾಯಿ’ ಎಂಬ ದನಿಯನ್ನು ಆರಿಸಿದಳು. ಬೆಕ್ಕು ಬಂದೇ ಬಂತು. ಇಲಿಯಮ್ಮ ಮೈಕಿಗೆ ಬಾಯಿಟ್ಟಳು, ಸ್ಪೀಕರ್ ಗುಡುಗಿತು: “ನಮಸ್ಕಾರ ಬೆಕ್ಕಕ್ಕಾ, ಬೇಜಾರು ಮಾಡ್ಕೋಬೇಡಿ, ದಯವಿಟ್ಟು ಇನ್ನೊಂದಿನ ಬರ್ತೀರಾ?”

ಓಡಲು ತಿರುಗಿದ್ದ ಬೆಕ್ಕು ನಿಂತು ನಕ್ಕಿತು. “ಗಂಟಲೇನೋ ನಾಯಿದೇ ಕಣೇ. ಆದ್ರೆ ಯಾವ ನಾಯಿ ನನ್ನನ್ನ ಅಕ್ಕಾ ಅಂದಿದೆ?”

ಇಲಿಯಮ್ಮ ಮೈಕ್ ಕಿತ್ತೆಸೆದು, ಮರಿಗಳಿಗೆ ಅಡ್ಡ ನಿಂತು, ತನ್ನ ಕೀಚಲು ದನಿಯಲ್ಲೇ ಹೇಳಿದಳು: “ಒಂದು ಹೆಜ್ಜೆ ಮುಂದಿಟ್ಟು ನೋಡು, ಮೂಗು ಕಚ್ಚಿ ಹರೀತೀನಿ.”

ಬೆಕ್ಕು ಮೆಲ್ಲಗೆ ಹಿಂದೆ ಸರಿಯಿತು. “ಇದ್ಯಾವ ಸಾಫ್ಟ್‌ವೇರು, ತಾಯಿ?”