ಸಾಹೇಬರ ಬಾಯಿಂದ ಬಂದ ಕಾಗದ

ಒಂಟಿ ಮುದುಕಿಯರಿಗೆ ಮನೆಕಂದಾಯ ಮನ್ನಾ ಆಗಿತ್ತು. ಅದನ್ನು ತಿಳಿಸುವ ಕಾಗದ ಸುಲಭ ಮಾತಿನಲ್ಲಿರಲಿ ಎಂದಳು ಕಚೇರಿಯ ಟೈಪಿಸ್ಟ್ ಕಮಲಾಕ್ಷಿ.

“ಸರ್ಕಾರಕ್ಕೊಂದು ಗತ್ತು ಬೇಡವೇನಮ್ಮ? ಅಡುಗೆಮನೆ ಮಾತು ಇಲ್ಲಿ ನಡೆಯಲ್ಲ!” ಎಂದು ಗದರಿದರು ಸಾಹೇಬರು. ಮೊದಲ ಕಾಗದ ಗತ್ತಿನಲ್ಲೇ ಹೋಯಿತು.

ಮಾರನೆಯ ದಿನ ನಂಜವ್ವಜ್ಜಿ ಆ ಕಾಗದ ಹಿಡಿದು ಬಂದಳು. ಕಂಕುಳಲ್ಲಿ ಪಾತ್ರೆಗಂಟು. “ಮನೆ ಯಾವತ್ತು ಬಿಡಬೇಕು ಸ್ವಾಮಿ?”

“ನೀವೇ ಓದಿ ಹೇಳಿ ಸಾರ್,” ಎಂದಳು ಕಮಲಾಕ್ಷಿ.

ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು: “ಸದರಿ ಸ್ವತ್ತಿನ ಕರಪಾವತಿ ಬಾಧ್ಯತೆಯಿಂದ ತಮ್ಮನ್ನು ವಿಮುಕ್ತಗೊಳಿಸಿ ಆದೇಶಿಸಲಾಗಿದೆ.”

ಅಜ್ಜಿ ಗೊಳೋ ಎಂದು ಅತ್ತಳು. ಸಾಹೇಬರು ಕುರ್ಚಿ ಬಿಟ್ಟು ಎದ್ದೇ ಬಂದರು. “ಅಳಬೇಡಿ ಅಜ್ಜಿ. ಮನೆ ನಿಮ್ಮದೇ. ಕಂದಾಯ ಕಟ್ಟೋದು ಬೇಡ. ಹೋಗಿ ಒಲೆ ಹಚ್ಚಿ.”

ಅಜ್ಜಿ ನಕ್ಕಳು. ಕಮಲಾಕ್ಷಿ ಟಕಟಕ ಟೈಪು ಮಾಡಿ ಹಾಳೆ ಚಾಚಿದಳು. “ಉಳಿದವರಿಗೆಲ್ಲ ಇದನ್ನೇ ಕಳಿಸೋಣ ಸಾರ್. ನಿಮ್ಮದೇ ಮಾತು.”

“ಒಲೆ ಹಚ್ಚಿ ಅಂತಾನೂ ಹಾಕಿದ್ದೀರಲ್ಲಮ್ಮ!”

“ಅಜ್ಜಿ ನಕ್ಕಿದ್ದು ಅಲ್ಲೇ ಸಾರ್.”

ಸಾಹೇಬರು ಸಹಿ ಹಾಕಿದರು.