ತಿಗಣೆ ಚಪ್ಪಟೆಯಾದದ್ದು, ಹೊಗೆಯಪ್ಪ ಎರಡನೇ ಸಲ ಬಂದದ್ದು

ಲೋಕ ಆಗಿನ್ನೂ ಹೊಸದು, ಮಗಾ. ಎಷ್ಟು ಹೊಸದು ಅಂದರೆ, ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ. ವೇದಾವತಿ ಹೊಳೆಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ. ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ಹರಿದು ನೋಡುತ್ತಿದ್ದಳು. ಗಾಳಿಗೆ ಮಾತು ಬರುತ್ತಿತ್ತು. ಮರಕ್ಕೂ ಬರುತ್ತಿತ್ತು. ಮಾತು ಬಾರದವರು ಅಂತ ಯಾರೂ ಇರಲಿಲ್ಲ.

ಆಗ ತಿಗಣೆ ಚಪ್ಪಟೆಯಾಗಿರಲಿಲ್ಲ. ಗುಲಗಂಜಿಯ ಹಾಗೆ ಗುಂಡಗೆ, ಕೆಂಪಗೆ ಇತ್ತು. ಬೆನ್ನ ಮೇಲೆ ರೆಕ್ಕೆ ಬೇರೆ. ಆಲದ ಮರದ ತುದಿಯಲ್ಲಿ ವಾಸ, ಆಲದ ಹಾಲೇ ಊಟ. ಬೆಳಗಾದರೆ ಎಲೆಯ ಮೇಲೆ ಬಂದು ಬಿಸಿಲು ಕಾಯಿಸುತ್ತ ಕೂರುತ್ತಿತ್ತು. ಬಚ್ಚಿಟ್ಟುಕೊಳ್ಳುವುದು ಅಂದರೇನು ಅಂತಲೇ ಅದಕ್ಕೆ ತಿಳಿಯದು.

ಆ ಹೊಳೆಯ ದಂಡೆಯಲ್ಲಿ ಪಾಲಯ್ಯ ಅಂತ ಒಬ್ಬ ಇದ್ದ. ಅವನ ಹೆಂಡತಿ ಕಾಟವ್ವ. ಅವರಿಗೆ ಒಂದು ಹಸುಗೂಸು, ಪಾಪಕ್ಕ. ಎಲ್ಲರೂ ನೆಲದ ಮೇಲೆ ಮಲಗುತ್ತಿದ್ದ ಕಾಲ ಅದು. ಮಗುವಿಗೆ ನೆಲದ ತಂಡಿ ತಾಗಬಾರದು ಅಂತ ಪಾಲಯ್ಯ ಹುಣಸೆಮರ ಕಡಿದು, ನಾಲ್ಕು ಕಾಲು ಕೆತ್ತಿ, ಪುಂಡಿನಾರಿನ ಹಗ್ಗ ಹೆಣೆದು ಒಂದು ಮಂಚ ಮಾಡಿದ. ಲೋಕದಲ್ಲಿ ಅದೇ ಮೊದಲ ಮಂಚ. ನೋಡಲು ಊರೇ ಬಂತು. ಪಾಲಯ್ಯನ ಅಕ್ಕ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು, "ನನಗೂ ಒಂದು ಮಾಡಿಕೊಡೋ ತಮ್ಮಾ" ಅಂದಳು.

ಅದೇ ವರ್ಷ ದೊಡ್ಡ ಗಾಳಿ ಬಂತು. ಆಲದ ಮರ ಬುಡಸಮೇತ ಬಿತ್ತು. ತಿಗಣೆ ನೆನೆದು ಮುದ್ದೆಯಾಗಿ ಕಾಟವ್ವನ ಹೊಸಿಲಿಗೆ ಬಂದು ಬಿತ್ತು.

"ಅಕ್ಕಾ, ಅಕ್ಕಾ, ಮನೆ ಹೋಯಿತು. ಒಂದಿಷ್ಟು ಜಾಗ ಕೊಡು."

"ಅಯ್ಯೋ, ಇಷ್ಟೇ ಇಷ್ಟು ಜೀವ ನೀನು. ನಿನಗೆ ಎಷ್ಟು ಜಾಗ ಬೇಕಾದೀತು? ಬಾ, ಮಂಚದ ಕಾಲ ಹತ್ತಿರ ಇರು. ಊಟಕ್ಕೇನು ಮಾಡುತ್ತೀಯೆ?"

"ಮಂಚದ ಮರದಲ್ಲಿ ಇನ್ನೂ ಹಸಿ ಇದೆಯಲ್ಲ ಅಕ್ಕಾ, ಅದನ್ನೇ ಚೀಪಿಕೊಂಡಿರುತ್ತೇನೆ."

ಕಾಟವ್ವ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು.

ಆದರೆ ಕಡಿದ ಮರದ ಹಸಿ ಎಷ್ಟು ದಿನ ಇದ್ದೀತು? ಮಂಚ ಒಣಗಿತು. ತಿಗಣೆಯ ಹೊಟ್ಟೆಯೂ ಒಣಗಿತು. ಒಂದು ಮಧ್ಯಾಹ್ನ ಪಾಪಕ್ಕ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಅಂಬೆಗಾಲಿಟ್ಟು ಆಡುವಾಗ ಅವಳ ಮೊಣಕಾಲು ತರಚಿತ್ತು. ಅಲ್ಲಿ ಒಂದು ಹನಿ ನೆತ್ತರು. ತಿಗಣೆ ಹತ್ತಿರ ಹೋಯಿತು. ಮೂಸಿತು. ಮೂತಿ ಅದ್ದಿತು.

ಆಮೇಲೆ ಅದಕ್ಕೆ ಆಲದ ಹಾಲು ನೆನಪಾಗಲೇ ಇಲ್ಲ.

ಮಾರನೇ ಬೆಳಿಗ್ಗೆ ಮಗುವಿನ ತೋಳಿನ ಮೇಲೆ ಸಾಲು ಹಿಡಿದು ಕೆಂಪು ದದ್ದು. ಅದರ ಮಾರನೇ ದಿನ ಬೆನ್ನ ಮೇಲೆ. ಮಗು ಕೆರೆದುಕೊಂಡು ಕೆರೆದುಕೊಂಡು ಅತ್ತಿತು.

ಕಾಟವ್ವ ಇರುವೆಯನ್ನು ಕರೆದು ಕೇಳಿದಳು: "ನೀನೇನೇ?"

"ನಾನು ಕಚ್ಚಿದರೆ ಅಲ್ಲೇ ಗೊತ್ತಾಗುತ್ತೆ ಕಣವ್ವ, ಬೆಳಗಾಗೋತನಕ ಕಾಯಬೇಕಿಲ್ಲ," ಅಂತು ಇರುವೆ.

ಸೊಳ್ಳೆಯನ್ನು ಕೇಳಿದಳು: "ಹಾಗಾದರೆ ನೀನಾ?"

"ನಾನು ಹಾಡಿಕೊಂಡೇ ಬರುತ್ತೇನೆ, ಕದ್ದು ಬರೋಳಲ್ಲ," ಅಂತು ಸೊಳ್ಳೆ.

ಆಗ ಕಾಟವ್ವನ ಕಣ್ಣು ಮಂಚದ ಮೇಲೆ ಹೋಯಿತು. ಅಂಗಳಕ್ಕೆ ಎಳೆದು ತಂದು, ಬಿಸಿಲಲ್ಲಿ ತಲೆಕೆಳಗು ಮಾಡಿದಳು.

ಮಗಾ, ಅವಳ ಕೈಯಿಂದ ಮಂಚ ಜಾರಿ ಬಿತ್ತು. ಒಂದು ತಿಗಣೆಗೆ ಜಾಗ ಕೊಟ್ಟಿದ್ದಳು. ಹಗ್ಗದ ಗಂಟುಗಂಟಿಗೂ ತಿಗಣೆ. ಕೆಂಪು ಕಾಳು ಸುರಿದ ಹಾಗೆ. ಒಂದೊಂದರ ಹೊಟ್ಟೆಯೂ ಬಿರಿಯುವ ಹಾಗೆ ತುಂಬಿತ್ತು. ಅದೆಲ್ಲ ತನ್ನ ಮಗುವಿನ ನೆತ್ತರು ಅಂತ ಅವಳಿಗೆ ಹೊಳೆಯಿತು.

"ಜಾಗ ಕೊಟ್ಟವಳ ಮಗುವನ್ನೇ?" ಅಂದಳು.

ತಾಯಿ ತಿಗಣೆ ತಲೆ ತಗ್ಗಿಸಿತು. "ಹಸಿವಾಯಿತು ಅಕ್ಕಾ," ಅಂತು.

ಪಾಲಯ್ಯ ಬೆಟ್ಟಕ್ಕೆ ಓಡಿದ. ಬೆಟ್ಟದ ಗವಿಯಲ್ಲಿ ಹೊಗೆಯಪ್ಪ ಇದ್ದ. ಬೆಂಕಿಯ ಹಿರಿಮಗ. ಜೇನು ಬಿಡಿಸುವುದಿರಲಿ, ಹಟ್ಟಿಯ ಸೊಳ್ಳೆ ಓಡಿಸುವುದಿರಲಿ, ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅದೇ ಅವನ ಕಸುಬು.

ಹೊಗೆಯಪ್ಪ ಬಂದ. ಮನೆ ಸುತ್ತ ನೋಡಿದ. "ಬೇವಿನ ಸೊಪ್ಪು ತನ್ನಿ, ಲಕ್ಕಿ ಸೊಪ್ಪು ತನ್ನಿ. ಮಡಕೆ ಕುಡಿಕೆ ಹೊರಗಿಡಿ. ಮಗುವನ್ನು ಎತ್ತಿಕೊಂಡು ಹೊಳೆಯ ಆಚೆ ಹೋಗಿ. ನಾನು ಬಾಗಿಲು ತೆಗೆಯೋತನಕ ಯಾರೂ ಇತ್ತ ಬರಬೇಡಿ."

ಅವರು ಹೊಳೆಯ ಆಚೆ ಕೂತು ನೋಡಿದರು. ಸೂರಿನಿಂದ, ಕಿಂಡಿಯಿಂದ, ಬಾಗಿಲ ಕೆಳಗಿನಿಂದ ಹೊಗೆ ಬಂತು. ಹೊತ್ತು ಇಳಿಯುವ ಹೊತ್ತಿಗೆ ಹೊಗೆಯಪ್ಪ ಬಾಗಿಲು ತೆಗೆದ.

"ಉಸಿರಾಡುವುದು ಒಂದೂ ಉಳಿದಿಲ್ಲ," ಅಂದ.

ಕಾಟವ್ವ ಸತ್ತ ತಿಗಣೆಗಳನ್ನು ಮೊರದಲ್ಲಿ ತುಂಬಿ ಹೊರಗೆ ಚೆಲ್ಲಿದಳು. ನೆಲ ಸಾರಿಸಿದಳು. ಆ ದಿನ ಅವರು ಮಲಗಿದ್ದೇ ನಿದ್ದೆ. ಪಾಪಕ್ಕನ ದದ್ದು ಆರಿತು. ಮಗು ಮತ್ತೆ ನಗಲು ಕಲಿಯಿತು. ಕಾಟವ್ವ ಕಂಡಕಂಡವರಿಗೆಲ್ಲ, "ಹೋಯಿತವ್ವಾ, ಪೀಡೆ ತೊಲಗಿತು" ಅಂದುಕೊಂಡು ಓಡಾಡಿದಳು.

ಒಂದು ಬೆಳಿಗ್ಗೆ ಮಗುವಿಗೆ ನೀರು ಹಾಕಲು ಅಂಗಿ ಬಿಚ್ಚಿದಳು. ಎದೆಯ ಮೇಲೆ ಸಾಲು ಹಿಡಿದು ಕೆಂಪು ದದ್ದು.

ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

"ಇಲ್ಲ," ಅಂದಳು. ಮಗುವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. "ಇಲ್ಲ, ಇಲ್ಲ. ಸತ್ತವಲ್ಲ! ನಾನೇ ಗುಡಿಸಿದೆನಲ್ಲ!"

ಅಲ್ಲಿಂದ ಅವಳ ಮನಸ್ಸು ಒಂದು ಹದದಲ್ಲಿ ಉಳಿಯಲಿಲ್ಲ. ಒಗ್ಗರಣೆಗೆ ತೆಗೆದ ಸಾಸಿವೆ ಕಾಳು ಉರುಳಿದರೂ ಬೆಚ್ಚುವಳು. ಸೆರಗಿನ ನೂಲು ಕುತ್ತಿಗೆಗೆ ತಾಗಿದರೂ ಕೊಡವುವಳು. ಮೈಮೇಲೆ ಏನೂ ಇಲ್ಲದಿದ್ದರೂ ಹರಿದಂತೆ, ಕಚ್ಚಿದಂತೆ. ಮಗುವನ್ನು ಕೆಳಗೆ ಇಳಿಸದೆ ಹಗಲೆಲ್ಲ ಸೊಂಟದ ಮೇಲೇ ಹೊತ್ತುಕೊಂಡಿರುವಳು. ಪಾಲಯ್ಯನ ಅಕ್ಕನ ಮನೆಗೆ ಹೋದರೆ, ಅವಳು ಬಾಗಿಲಲ್ಲೇ ಅಡ್ಡ ನಿಂತು, "ನಮ್ಮ ಜಗಲಿ ಮೇಲೆ ಕೂರಬೇಡ ಕಾಟವ್ವ. ತಪ್ಪು ತಿಳೀಬೇಡ, ನಮ್ಮನೇಲೂ ಮಕ್ಕಳಿವೆ," ಅಂದಳು.

ಕಾಟವ್ವ ಅಲ್ಲಿಂದಲೇ ತಿರುಗಿ ಮನೆಗೆ ಬಂದಳು. ಅವಳ ಮುಖ ನೋಡಿ ಪಾಲಯ್ಯನಿಗೆ ರೇಗಿತು. ಹೊದೆಯುವ ಕಂಬಳಿಯನ್ನು ಬಾಚಿ ಬೀದಿಗೆ ಎಸೆದ. ದಾರಿಹೋಕನೊಬ್ಬ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪಾಲಯ್ಯ ಅದನ್ನು ನೋಡಿದ, ತಡೆಯಲಿಲ್ಲ. ಆಮೇಲೆ ಕೊಡಲಿ ತಗೊಂಡ.

"ಈ ಮಂಚ ಒಡೆದು ಸುಡುತ್ತೇನೆ. ಮನೆಗೂ ಬೆಂಕಿ ಇಡುತ್ತೇನೆ. ಗಂಟು ಕಟ್ಟು, ಬೇರೆ ಊರಿಗೆ ಹೋಗೋಣ."

ಕೊಡಲಿ ಬಿದ್ದ ಏಟಿಗೆ ಮಂಚದ ಕಾಲು ಪಟ್ಟಿಯಿಂದ ಕಳಚಿಕೊಂಡಿತು. ಕಾಲು ಕೂರಿಸಿದ್ದ ತೂತಿನೊಳಗೆ ಕಾಟವ್ವ ಬಗ್ಗಿ ನೋಡಿದಳು.

ಅಲ್ಲಿ ತಾಯಿ ತಿಗಣೆ ಇತ್ತು. ಸತ್ತು ಒಣಗಿತ್ತು. ರೆಕ್ಕೆ ಇರಲಿಲ್ಲ. ಗುಂಡಗಿದ್ದ ಮೈ ತರಗೆಲೆಯ ಹಾಗೆ ಚಪ್ಪಟೆಯಾಗಿತ್ತು. ಅದರ ಹೊಟ್ಟೆಯ ಕೆಳಗೆ, ಮರಕ್ಕೆ ಅಂಟಿಕೊಂಡು, ನುಚ್ಚಕ್ಕಿಗಿಂತ ಚಿಕ್ಕ ಬಿಳಿ ಮೊಟ್ಟೆಗಳು. ಕೆಲವು ಆಗಲೇ ಒಡೆದು ಖಾಲಿಯಾಗಿದ್ದವು.

"ಇದೇನಿದು?" ಅಂತ ಪಾಲಯ್ಯನೂ ಕೊಡಲಿ ಇಳಿಸಿದ.

ಸೂರಿನ ಕೆಳಗಿದ್ದ ಗಾಳಿ ಮೆಲ್ಲಗೆ ಹೇಳಿತು: "ನಾನು ನೋಡಿದೆ ಕಣಯ್ಯ. ಸಂದಿಗೊಂದಿ ನುಸುಳೋದೇ ನನ್ನ ಕೆಲಸ. ಹೊಗೆ ಒಳಗೆ ಬಂದಾಗ ಅವೆಲ್ಲ ಹಾರಾಡಿ ಗೋಡೆಗೆ ಡಿಕ್ಕಿ ಹೊಡೆದು ಸತ್ತವು. ತಾಯಿ ಮಾತ್ರ ಈ ಸಂದಿಯ ಬಾಯಿಗೆ ಬಂತು. ರೆಕ್ಕೆ ಅಡ್ಡ ಬಂತು. ತಾನೇ ಕಿತ್ತು ಹಾಕಿತು. ಮೈ ಹಿಡಿಸಲಿಲ್ಲ, ಒತ್ತಿತು, ಒತ್ತಿತು, ಹೀಗಾಗೋತನಕ ಒತ್ತಿತು. ಒಳಗೆ ಹೋಗಿ ಮೊಟ್ಟೆಯಿಟ್ಟು, ಮೇಲೆ ಮಲಗಿ ಸತ್ತಿತು."

ಕಾಟವ್ವ ಆ ಒಣಗಿದ ಮೈಯನ್ನೇ ನೋಡುತ್ತ ಕೂತಳು. ಅವಳೂ ತಾಯಿ.

ಆಗಲೇ ಒಂದು ಮೊಟ್ಟೆಯ ಮುಚ್ಚಳ ಮೆಲ್ಲಗೆ ತೆರೆಯಿತು. ಒಳಗಿನಿಂದ ಒಂದು ಮರಿ ಬಂತು. ಅದಕ್ಕೂ ರೆಕ್ಕೆ ಇರಲಿಲ್ಲ. ಅದೂ ಚಪ್ಪಟೆ. ಗಂಜಿಯ ಬಣ್ಣ, ಆಚೆಗಿನದು ಕಾಣುವಷ್ಟು ತೆಳು. ಕಾಟವ್ವನ ಬೆರಳಿಗೆ ಹತ್ತಿತು, ಮೂತಿ ಊರಿತು. ನೋಡುತ್ತಿದ್ದ ಹಾಗೇ ಅದರ ಹೊಟ್ಟೆ ಕೆಂಪಾಯಿತು. ಉಬ್ಬಿತು. ಗುಲಗಂಜಿಯ ಹಾಗೆ ಗುಂಡಗಾಯಿತು.

ಕಾಟವ್ವ ಚೀರಿದ ಚೀರಿಗೆ ವೇದಾವತಿ ಹರಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ಹೊಗೆಯಪ್ಪ ಬೆಟ್ಟದಿಂದ ಓಡಿ ಬಂದ.

"ಒಂದೂ ಉಳಿದಿಲ್ಲ ಅಂದೆಯಲ್ಲೋ!" ಅಂತ ಪಾಲಯ್ಯ ಅವನ ಮೇಲೇ ಹೋದ. "ನಿನ್ನ ಮಾತು ನಂಬಿ ಮಗುವನ್ನು ಇದರ ಮೇಲೆ ಮಲಗಿಸಿದೆವಲ್ಲೋ!"

ಹೊಗೆಯಪ್ಪ ಮೊಟ್ಟೆಗಳನ್ನು ನೋಡಿದ. ಅವನ ಮುಖ ಬೂದಿಯಾಯಿತು.

"ಉಸಿರಾಡುವುದು ಒಂದೂ ಉಳಿದಿಲ್ಲ ಅಂದೆ, ಪಾಲಯ್ಯ. ಅದು ಸುಳ್ಳಲ್ಲ. ಆದರೆ ಇವಕ್ಕೆ ಮೂಗೇ ಇಲ್ಲವಲ್ಲ! ಮೂಗಿಲ್ಲದ್ದನ್ನು ನಾನು ಹೇಗೆ ಕೊಲ್ಲಲಿ? ಇಂಥದ್ದು ನಾನೂ ಕಂಡಿರಲಿಲ್ಲ."

"ಹಾಗಾದರೆ ನಾವು ಊರು ಬಿಡುತ್ತೇವೆ."

"ಬಿಟ್ಟರೂ ಇವು ಬಿಡೋಲ್ಲ," ಅಂತು ಗಾಳಿ. "ನೀನು ಗಂಟು ಕಟ್ಟಿ ಹೊರಬೇಕು ಅಂತಿರೋ ಬಟ್ಟೆಯ ಮಡಿಕೆ ಬಿಚ್ಚಿ ನೋಡು."

ಪಾಲಯ್ಯ ಬಿಚ್ಚಿ ನೋಡಿದ. ಸೀರೆಯ ಮಡಿಕೆಯಲ್ಲಿ ಒಂದು ಬಿಳಿ ಮರಿ ಕೂತಿತ್ತು.

ಹೊಗೆಯಪ್ಪ ಯೋಚಿಸಿ ಹೇಳಿದ: "ಮೊಟ್ಟೆ ಒಡೆಯಲಿ. ಮರಿಗಳು ಹೊರಗೆ ಬಂದು ಉಸಿರಾಡಲಿ. ಅವು ಬೆಳೆದು ಮೊಟ್ಟೆ ಇಡುವ ಮೊದಲೇ ನಾನು ಇನ್ನೊಂದು ಸಲ ಬರುತ್ತೇನೆ. ಆದರೆ ಅಲ್ಲಿತನಕ ಈ ಮಂಚದ ಮೇಲೆ ಯಾರಾದರೂ ಮಲಗಲೇಬೇಕು. ನೀವು ಬೇರೆ ಕಡೆ ಮಲಗಿದರೆ ಅವು ನಿಮ್ಮನ್ನು ಹುಡುಕಿಕೊಂಡು ಮನೆ ತುಂಬ ಚೆದರುತ್ತವೆ. ಆಮೇಲೆ ನನ್ನ ಕೈಗೂ ಸಿಗುವುದಿಲ್ಲ."

ಪಾಲಯ್ಯ ಬೆರಗಾಗಿ ನಿಂತ. "ತಿಳಿದೂ ತಿಳಿದೂ ಅವಕ್ಕೆ ಊಟವಾಗಬೇಕಾ? ಇದು ಯಾವ ಸೀಮೆ ಮದ್ದು?"

ಕಾಟವ್ವ, ಕೆರೆದು ಗಾಯವಾಗಿದ್ದ ಮಗುವಿನ ತೋಳು ಸವರಿದಳು. ಆಮೇಲೆ, "ನಾನು ಮಲಗುತ್ತೇನೆ," ಅಂದಳು.

"ನಿನಗೆ ಹುಚ್ಚೇ? ಸಾಸಿವೆ ಕಂಡರೂ ಬೆಚ್ಚುತ್ತೀಯೆ!"

"ಬೆಚ್ಚುತ್ತೇನೆ. ಬೆಚ್ಚಿಕೊಂಡೇ ಮಲಗುತ್ತೇನೆ. ಜಾಗ ಕೊಟ್ಟವಳು ನಾನು. ಮಗುವಿನ ನೆತ್ತರು ಇನ್ನು ಒಂದು ಹನಿ ಹೋಗಬಾರದು."

ವೇದಾವತಿ ದಂಡೆಗೆ ಬಂದು, "ಮಗೂನ ನನ್ನ ಹತ್ತಿರ ಬಿಡವ್ವ," ಅಂದಳು. ಪಾಪಕ್ಕನ ಮೈ ತೊಳೆದು, ಬಿಸಿನೀರಿನಲ್ಲಿ ಕುದಿಸಿದ ಸೀರೆಯಲ್ಲಿ ಜೋಲಿ ಕಟ್ಟಿ, ದಂಡೆಯ ಹೊಂಗೆಮರಕ್ಕೆ ತೂಗುಹಾಕಿದರು. ಗಾಳಿ ತೂಗಿತು. ಪಾಲಯ್ಯ ಮಂಚದ ಕಾಲನ್ನು ಮತ್ತೆ ಕೂರಿಸಿದ. ಕಾಟವ್ವ ಅದರ ಮೇಲೆ ಮಲಗಿದಳು. ಪಾಲಯ್ಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಬಂದು ಪಕ್ಕದಲ್ಲಿ ಮಲಗಿದ.

ಪ್ರತಿ ಬೆಳಿಗ್ಗೆ ಅವರ ಮೈಮೇಲೆ ಹೊಸ ಸಾಲು. ಪ್ರತಿ ಬೆಳಿಗ್ಗೆ ಕಾಟವ್ವ ಎದ್ದು, ದಂಡೆಗೆ ಹೋಗಿ, ಮಗುವಿನ ತೋಳು ನೋಡುವಳು. ತೋಳು ತಿಳಿಯಾಗಿರುತ್ತಿತ್ತು. ಅವಳು ಉಸಿರು ಬಿಡುವಳು. ಬಟ್ಟೆಬರೆಯನ್ನೆಲ್ಲ ಕುದಿಸುವಳು, ಸುಡುಬಿಸಿಲಿಗೆ ಹರವುವಳು. ಮತ್ತೆ ಹೋಗಿ ಆ ಮಂಚದ ಮೇಲೇ ಮಲಗುವಳು.

ಮರಿಗಳೆಲ್ಲ ಹೊರಗೆ ಬಂದವು. ಒಂದೂ ಬೆಳೆದು ದೊಡ್ಡದಾಗುವ ಮೊದಲೇ, ಹೇಳಿದ ಮಾತಿನಂತೆ, ಹೊಗೆಯಪ್ಪ ಎರಡನೇ ಸಲ ಬಂದ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಸೂರಿನಿಂದ ಹೊಗೆ, ಕಿಂಡಿಯಿಂದ ಹೊಗೆ. ಈ ಸಲ ಬಾಗಿಲು ತೆಗೆದಾಗ ಹೊಗೆಯಪ್ಪ, "ನೀನೇ ನೋಡಿ ಹೇಳು," ಅಂದ.

ಕಾಟವ್ವ ಸಂದಿಸಂದಿಯನ್ನೂ ಕಡ್ಡಿ ಹಾಕಿ ನೋಡಿದಳು. ಮೊಟ್ಟೆಯ ಖಾಲಿ ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಆಗಲೂ ಅವಳು ನಂಬಲಿಲ್ಲ. ಬಹಳ ದಿನ ನಂಬಲಿಲ್ಲ. ಮಂಚವನ್ನು ಬಿಸಿಲಿಗೆ ಎಳೆದು ತಿರುವಿ ನೋಡುವುದನ್ನು ಬಿಡಲಿಲ್ಲ. ಒಂದು ದಿನ ಸಾಸಿವೆ ಕಾಳು ಉರುಳಿ ಅವಳ ಕಾಲ ಹತ್ತಿರ ಬಂದಾಗ, ಎತ್ತಿ ಡಬ್ಬಿಗೆ ಹಾಕಿದಳು. ಆಮೇಲೆ ಹೊಳೆಗೆ ಹೋಗಿ, ಮಗುವನ್ನು ಮನೆಗೆ ಎತ್ತಿಕೊಂಡು ಬಂದಳು.

"ಇನ್ನು ಈ ಭೂಮಿ ಮೇಲೆ ಅದರ ಕುಲ ಇಲ್ಲ ತಾನೆ?" ಅಂತ, ಬೆಟ್ಟದಿಂದ ನೋಡಿಹೋಗಲು ಬಂದಿದ್ದ ಹೊಗೆಯಪ್ಪನನ್ನು ಕೇಳಿದಳು.

ಹೊಗೆಯಪ್ಪ ಹೌದು ಅನ್ನಬೇಕು ಅನ್ನುವಷ್ಟರಲ್ಲಿ ಪಾಲಯ್ಯ ಕೆಮ್ಮಿದ. ನೆಲ ನೋಡುತ್ತ, "ಆ ಕಂಬಳಿ..." ಅಂದ.

"ಯಾವ ಕಂಬಳಿ?"

"ಬೀದಿಗೆ ಎಸೆದೆನಲ್ಲ. ಯಾರೋ ದಾರಿಹೋಕ ಹೊದ್ದುಕೊಂಡು ಹೋದ."

ಗಾಳಿ ಬೀಸುವುದನ್ನು ಮರೆಯಿತು. ವೇದಾವತಿ ಹರಿಯುವುದನ್ನು ಮರೆತಳು. ಹೊಗೆಯಪ್ಪ ತಲೆಯ ಮೇಲೆ ಕೈ ಹೊತ್ತು ಹೊಸಿಲ ಮೇಲೆ ಕೂತುಬಿಟ್ಟ. ಕಾಟವ್ವ ಗಂಡನ ಮುಖವನ್ನೇ ನೋಡಿದಳು. ಆ ದಾರಿಹೋಕ ಯಾವ ಮನೆಯ ಜಗಲಿಯಲ್ಲಿ ಕಂಬಳಿ ಹಾಸಿ ಮಲಗಿದನೋ, ಆ ಮನೆಯಲ್ಲಿ ಎಂಥ ಹಸುಗೂಸು ಇತ್ತೋ ಅಂತ ಅವಳಿಗೆ ಅನ್ನಿಸಿರಬೇಕು. ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಹಾಗಾದರೆ ನಾನು ಹೊರಟೆ," ಅಂತ ಹೊಗೆಯಪ್ಪ ಎದ್ದ. "ಕಂಬಳಿ ಹೋದ ಊರಿಗೆಲ್ಲ ಹೋಗಬೇಕು. ಪ್ರತಿ ಮನೆಗೂ ಎರಡೆರಡು ಸಲ."

ಅದಕ್ಕೇ ಮಗಾ, ಇವತ್ತಿಗೂ ತಿಗಣೆಗೆ ರೆಕ್ಕೆಯಿಲ್ಲ, ಹಸಿದಾಗ ಚಪ್ಪಟೆ, ನೆತ್ತರು ಕುಡಿದಾಗ ಮಾತ್ರ ಗುಂಡಗೆ. ಅದಕ್ಕೇ ಮೊನ್ನೆ ಔಷಧಿ ಹೊಡೆಯುವವರು ಬಂದುಹೋದ ಮೇಲೂ ನಿನ್ನ ಹಾಸಿಗೆಯ ಹೊಲಿಗೆಯಲ್ಲಿ ಆ ಬಿಳಿ ಮರಿ ಕಂಡು ನೀನು ಕಿರುಚಿದ್ದು, ಅದಕ್ಕೇ ಅವರು ಇನ್ನೊಂದು ಸಲ ಬರುತ್ತೇವೆ ಅಂತ ಹೇಳಿ ಹೋಗಿದ್ದು.